ಹಳೆಯ ಮೋಟಾರಿನ ನಡುಕ

ಹಳೆಯ ವಸ್ತುಗಳ ವಿಷಯದಲ್ಲಿ ಲೋಕದಲ್ಲಿ ಎರಡು ಬಗೆಯ ಅಭಿಪ್ರಾಯಗಳುಂಟು. ಹಳೆಯದೆಲ್ಲವೂ ಗಟ್ಟಿ, ಹೊಸದೆಲ್ಲವೂ ಪೊಳ್ಳು ಎಂಬುದು ಒಂದು. ಹಳೆಯದಾದ ಮೇಲೆ ಕೆಡುವುದು ಸಹಜ, ಕೆಟ್ಟುದನ್ನು ಬಿಸುಟು ಹೊಸದನ್ನು ತರುವುದೇ ಜಾಣತನ ಎಂಬುದು ಇನ್ನೊಂದು. ಈ ಎರಡು ಅಭಿಪ್ರಾಯಗಳಿಗೂ ಸಮಾನವಾದ ದೋಷವೊಂದಿದೆ. ಒಬ್ಬರು ವಯಸ್ಸನ್ನು ಕೇಳಿ ಹೊಗಳುತ್ತಾರೆ, ಇನ್ನೊಬ್ಬರು ವಯಸ್ಸನ್ನು ಕೇಳಿ ತೆಗಳುತ್ತಾರೆ. ಎದುರಿಗಿರುವ ವಸ್ತುವನ್ನು ಬಗ್ಗಿ ನೋಡುವ ಶ್ರಮವನ್ನು ಇಬ್ಬರೂ ವಹಿಸುವುದಿಲ್ಲ. ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಕೇಳಿದಾಗ, ಪ್ರವಾಸ, ಗೃಹಕೃತ್ಯ, ಸಾಹಿತ್ಯ ಮೊದಲಾದ ವಿಷಯಗಳನ್ನು ಇತರ ಸೋದರಿಯರು ಚೆನ್ನಾಗಿ ಬರೆಯಬಲ್ಲರೆಂದು ತಿಳಿದು, ನಾವು ನಮ್ಮ ಮನೆಯ ಹಳೆಯ ಮೋಟಾರಿನ ನಡುಕವನ್ನೇ ವಿಷಯವಾಗಿ ಆರಿಸಿಕೊಂಡೆವು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇದೆಂತಹ ವಿಷಯವೆಂದು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಕೊನೆಯವರೆಗೆ ಓದಿದ ಮೇಲೆ ನಗಲೆಂದು ಮಾತ್ರ ಪ್ರಾರ್ಥಿಸುತ್ತೇವೆ.

ಮಂಡ್ಯದಿಂದ ಮೈಸೂರಿನ ಕಡೆಗೆ ಪ್ಯಾಸೆಂಜರ್ ರೈಲಿನಲ್ಲಿ ಹೊರಟವರಿಗೆ, ಮಂಡ್ಯವನ್ನು ಬಿಟ್ಟ ಮೇಲೆ ಯಲಿಯೂರು ಎಂಬ ಚಿಕ್ಕ ನಿಲ್ದಾಣವು ಸಿಗುತ್ತದೆ. ಸುತ್ತಲೂ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದ ಕಬ್ಬು ಮತ್ತು ಭತ್ತ. ನಾವು ಮದುವೆಯಾಗಿ ಬಂದು ಸೇರಿದ ಮನೆಯು ಈ ಊರಿನಲ್ಲಿದೆ. ಮನೆಯ ಕೊಟ್ಟಿಗೆಯ ಪಕ್ಕದ ಹೆಂಚಿನ ಚಪ್ಪರದ ಕೆಳಗೆ, ನಮ್ಮ ಮಾವನವರು 1986ರಲ್ಲಿ ಕೊಂಡು ತಂದ ಅಂಬಾಸಡರ್ ಮೋಟಾರು ಇಂದಿಗೂ ನಿಂತಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮಾದರಿಯಲ್ಲಿ, 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಈ ಗಾಡಿಯನ್ನು ಕಾಣದ ವಾಚಕರು ಇರಲಾರರು. ಹದಿನೈದು ವರ್ಷ ತುಂಬಿದ ಖಾಸಗಿ ಮೋಟಾರನ್ನು ಪರೀಕ್ಷೆಗೆ ಒಪ್ಪಿಸಿ, ನೋಂದಣಿಯನ್ನು ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕೆಂಬುದು ನಿಯಮ. ಮಾವನವರು ತೀರಿಕೊಂಡ ಮೇಲೂ ಆ ನಿಯಮವನ್ನು ತಪ್ಪದೆ ನಡೆಸಿಕೊಂಡು ಬಂದಿದ್ದೇವೆ.

ಈ ಗಾಡಿಯನ್ನು ಇಟ್ಟುಕೊಂಡಿರುವುದು ಅಭಿಮಾನದಿಂದ ಮಾತ್ರವಲ್ಲ. ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ವಾರಕ್ಕೆರಡು ಬಾರಿ ಮೈಸೂರಿಗೆ ಹೋಗಿ ಅಂಗಸಾಧನೆಯ ಚಿಕಿತ್ಸೆ ಪಡೆಯಬೇಕೆಂದು ವೈದ್ಯರು ವಿಧಿಸಿದರು. ರೈಲಿನ ಮೆಟ್ಟಿಲನ್ನು ಹತ್ತಲು ಅವರಿಂದಾಗದು. ಇತ್ತೀಚಿನ ಮೋಟಾರುಗಳಲ್ಲಿ ತಲೆ ತಗ್ಗಿಸಿ, ಸೊಂಟ ಮಡಿಸಿ, ತಗ್ಗಿನಲ್ಲಿರುವ ಆಸನಕ್ಕೆ ಇಳಿಯಬೇಕು. ಅಂಬಾಸಡರಿನ ಹಿಂದಿನ ಆಸನವಾದರೋ ಮನೆಯ ಜಗುಲಿಯಂತೆ ಎತ್ತರವಾಗಿದೆ. ಬೆನ್ನು ತಿರುಗಿಸಿ ಕುಳಿತು, ಕಾಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡರಾಯಿತು. ಆದುದರಿಂದ ಗಾಡಿ ಓಡಿದರೆ ಅತ್ತೆಯವರ ಚಿಕಿತ್ಸೆ ನಡೆಯುವುದು, ನಿಂತರೆ ಅದೂ ನಿಲ್ಲುವುದು ಎಂಬಂತಾಗಿತ್ತು.

ಹೀಗಿರಲಾಗಿ 2023ರ ಬೇಸಗೆಯಲ್ಲಿ ಗಾಡಿಯು ನಡುಗಲಾರಂಭಿಸಿತು. ಆ ವರ್ಷದ ಮಾರ್ಚಿ 12ರಂದು ಬೆಂಗಳೂರು ಮೈಸೂರು ನಡುವಣ 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿಯ ಉದ್ಘಾಟನೆಯಾಗಿತ್ತು. ಅದುವರೆಗೆ ಊರೂರಿನ ಉಬ್ಬುಗಳನ್ನು ದಾಟುತ್ತ ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಹೋಗುತ್ತಿದ್ದ ಗಾಡಿಯು ಅರವತ್ತನ್ನು ಮುಟ್ಟತೊಡಗಿತು. ಮುಟ್ಟಿದೊಡನೆ ಕಾಲಕೆಳಗಿನ ತಗಡು ಗುಂಯ್ಯೆಂದು ಮೊರೆಯುವುದು, ಹಿಂದಿನ ಆಸನವು ಜೇನುಗೂಡಿನಂತೆ ಕಂಪಿಸುವುದು, ಹಿಂಬದಿಯನ್ನು ತೋರಿಸುವ ಕನ್ನಡಿಯಲ್ಲಿ ಲಾರಿಗಳೆಲ್ಲವೂ ಕಲಸಿದಂತೆ ಕಾಣುವುವು. ಐವತ್ತಕ್ಕೆ ಇಳಿಸಿದರೆ ಎಲ್ಲವೂ ಶಾಂತ. ಅತ್ತೆಯವರು ಬಾಯಿಬಿಟ್ಟು ದೂರುವವರಲ್ಲ. ಆದರೆ ಮೈಸೂರನ್ನು ತಲುಪುವಷ್ಟರಲ್ಲಿ ಅವರ ಮುಖ ಬಾಡಿರುತ್ತಿತ್ತು. ಒಂದು ದಿನ, “ಈ ಗಾಡಿಯಲ್ಲಿ ಬರುವ ನೋವನ್ನು ಕಳೆಯಲಿಕ್ಕೇ ಆ ಚಿಕಿತ್ಸೆ ಸರಿಹೋಗುತ್ತದೆ ಕಣಮ್ಮ, ಇನ್ನು ಸಾಕು” ಎಂದುಬಿಟ್ಟರು.

ನಗರದ ಒಂದು ರಿಪೇರಿ ಕಾರ್ಖಾನೆಗೆ ಗಾಡಿಯನ್ನು ಒಯ್ದೆವು. ಅಲ್ಲಿಯವರು ಮೊದಲು ಚಕ್ರಗಳ ತೂಕವನ್ನು ಸರಿದೂಗಿಸಿದರು, ನಡುಕ ಹೋಗಲಿಲ್ಲ. ಎರಡು ಟೈರುಗಳನ್ನು ಬದಲಿಸಿದರು, ನಡುಕ ಹೋಗಲಿಲ್ಲ. ಇಂಜಿನ್ನನ್ನು ಹೊತ್ತಿರುವ ರಬ್ಬರು ದಿಂಬುಗಳನ್ನು ಬದಲಿಸಿದರು, ನಡುಕ ಹೋಗಲಿಲ್ಲ. ಪ್ರತಿಯೊಂದು ಸಲವೂ ಹಣ ಹೋಯಿತು. ನಾಲ್ಕನೆಯ ಸಲ ಕ್ಲಚ್ಚನ್ನೂ ಗೇರ್ ಬಾಕ್ಸನ್ನೂ ಬಿಚ್ಚಬೇಕೆಂದು ಹೇಳಿ, ಒಡನೆಯೇ, “ವಯಸ್ಸಾಯಿತಲ್ಲ ಮೇಡಂ, ಗುಜರಿಗೆ ಹಾಕಿಬಿಡಿ. ಹೊಸ ರೋಡಿನ ಸ್ಪೀಡನ್ನು ಇದು ತಡೆಯುವುದಿಲ್ಲ” ಎಂದರು. ಅವರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಒಂದು ಸಂಗತಿಯನ್ನು ಮಾತ್ರ ಗಮನಿಸಿದೆವು. ಇಷ್ಟೆಲ್ಲ ನಡೆಯುವಾಗ, ಗಾಡಿಯು ಯಾವಾಗ ನಡುಗುತ್ತದೆ, ಯಾವಾಗ ನಡುಗುವುದಿಲ್ಲ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೈಸುಡುತ್ತಿದೆ ಎಂದು ಹೋದ ರೋಗಿಗೆ, ಜ್ವರವು ಯಾವ ಹೊತ್ತಿನಲ್ಲಿ ಬರುತ್ತದೆಂದು ಕೇಳದೆ ಔಷಧಗಳನ್ನು ಒಂದಾದ ಮೇಲೊಂದಾಗಿ ಕುಡಿಸಿದಂತಾಯಿತು.

ಆಗ ನಾವೇ ಆ ಪ್ರಶ್ನೆಯನ್ನು ಕೇಳಿ ನೋಡುವುದೆಂದು ನಿಶ್ಚಯಿಸಿದೆವು. ಇದಕ್ಕೆ ಮುನ್ನ ಗಾಡಿಯಲ್ಲಿ ತಿರುಗುವ ವಸ್ತುಗಳು ಯಾವುವೆಂಬುದನ್ನು ತಿಳಿಯಬೇಕು. ನಡುಕವೆಂಬುದು ಪ್ರಾಯಶಃ ತಿರುಗುವ ವಸ್ತುವಿನಿಂದಲೇ ಹುಟ್ಟತಕ್ಕದ್ದು. ಹಳೆಯ ಬಗೆಯ ಗಾಡಿಯಲ್ಲಿ ಇಂಜಿನ್ನು ಮುಂದೆ ಇದ್ದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಇಂಜಿನ್ನಿನ ಬಲವು ಕ್ಲಚ್ಚು, ಗೇರ್ ಬಾಕ್ಸುಗಳನ್ನು ದಾಟಿ, ಗಾಡಿಯ ಹೊಟ್ಟೆಯ ಕೆಳಗೆ ಉದ್ದಕ್ಕೂ ಮಲಗಿರುವ ಉಕ್ಕಿನ ಕೊಳವೆಯೊಂದರ ಮೂಲಕ ಹಿಂದಕ್ಕೆ ಹೋಗುತ್ತದೆ. ಈ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟು ಎಂದು ಹೆಸರು. ಅಲ್ಲಿಂದ ಮುಂದೆ ಹಿಂದಿನ ಅಚ್ಚಿನ ನಡುವಿರುವ ಗೋಲದೊಳಗಿನ ಹಲ್ಲುಚಕ್ರಗಳು ಆ ತಿರುವನ್ನು ಎರಡು ಚಕ್ರಗಳಿಗೂ ಹಂಚುತ್ತವೆ. ಹೀಗೆ ಮುಖ್ಯವಾಗಿ ಮೂರು ವಸ್ತುಗಳು ತಿರುಗುತ್ತವೆ: ಇಂಜಿನ್ನು, ಶಾಫ್ಟು, ಚಕ್ರ. ಮೂರೂ ತಿರುಗುವುದು ಬೇರೆ ಬೇರೆ ವೇಗದಲ್ಲಿ. ಪತ್ತೆಯ ಕೆಲಸಕ್ಕೆಲ್ಲ ಇದೊಂದೇ ಬೀಗದಕೈ. ನಡುಕವು ಯಾವುದರ ವೇಗಕ್ಕೆ ತಾಳ ಹಾಕುತ್ತದೆಯೋ ಅದೇ ಅಪರಾಧಿ, ಅಥವಾ ಅದರ ನೆಂಟ.

ಭಾನುವಾರದ ಬೆಳಗ್ಗೆ, ಕಬ್ಬಿನ ಗಾಡಿಗಳು ರಸ್ತೆಗೆ ಇಳಿಯುವುದಕ್ಕೆ ಮುಂಚೆ, ನಮ್ಮ ಯಜಮಾನರು ಚಾಲಕರಾಗಿ, ನಾವು ಹಿಂದೆಯೂ ನಮ್ಮ ಮಗಳು ಮುಂದೆಯೂ ಕುಳಿತು ಹೊರಟೆವು. ಮಗಳು ಇದೇ ಶಾಲೆಯ ವಿದ್ಯಾರ್ಥಿನಿ. ಆಕೆಯ ಕೈಯಲ್ಲಿ ನೋಟುಪುಸ್ತಕ. ಓಡಿಸುವವರು ರಸ್ತೆಯನ್ನು ಮಾತ್ರ ನೋಡಬೇಕು, ಗಮನಿಸುವುದು ಬರೆಯುವುದು ಬೇರೆಯವರ ಕೆಲಸವೆಂದು ಮೊದಲೇ ಕಟ್ಟುಮಾಡಿಕೊಂಡಿದ್ದೆವು. ಈ ನಿಯಮವನ್ನು ಯಾರೂ ಮೀರಬಾರದು.

ಮೊದಲನೆಯ ಪ್ರಶ್ನೆ: ನಡುಕವು ಎಲ್ಲಿ ತಿಳಿಯುತ್ತದೆ? ಮುಂಚಕ್ರದ ದೋಷವಾದರೆ ಚಾಲಕನ ಕೈಯಲ್ಲಿರುವ ಸ್ಟೀರಿಂಗು ಅದಿರುವುದು. ಹಿಂಚಕ್ರದ್ದಾಗಲಿ ಶಾಫ್ಟಿನದಾಗಲಿ ಆದರೆ ಆಸನವೂ ಕಾಲಕೆಳಗಿನ ತಗಡೂ ಅದಿರುವುವು. ನಮ್ಮ ಗಾಡಿಯ ಸ್ಟೀರಿಂಗು ನಿಶ್ಚಲವಾಗಿತ್ತು. ಅದರ ಮೇಲೆ ಯಜಮಾನರ ಬೆರಳುಗಳು ಸುಮ್ಮನೆ ಒರಗಿದ್ದವು. ನಮ್ಮ ಆಸನ ಮಾತ್ರ ಮೊರೆಯುತ್ತಿತ್ತು. ಅಷ್ಟರಮಟ್ಟಿಗೆ ಮುಂಚಕ್ರಗಳು ನಿರ್ದೋಷಿಗಳಾದವು.

ಎರಡನೆಯ ಪ್ರಶ್ನೆ: ಇಂಜಿನ್ನೇ ಕಾರಣವೇ? ಇಲ್ಲಿ ಒಂದು ಸೂಕ್ಷ್ಮವಿದೆ. ನಾಲ್ಕನೆಯ ಗೇರಿನಲ್ಲಿ ಇಂತಹ ಗಾಡಿಯ ಇಂಜಿನ್ನೂ ಶಾಫ್ಟೂ ನೇರವಾಗಿ ಕೂಡಿಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಆದುದರಿಂದ ನಾಲ್ಕನೆಯ ಗೇರಿನಲ್ಲಿ ಎಷ್ಟು ಓಡಿಸಿದರೂ ಇವೆರಡರ ಭೇದ ತಿಳಿಯದು. ಅದಕ್ಕಾಗಿ ಅದೇ ಅರವತ್ತು ಕಿಲೋಮೀಟರನ್ನು ಮೂರನೆಯ ಗೇರಿನಲ್ಲಿ ಮುಟ್ಟಿದೆವು. ಈಗ ಇಂಜಿನ್ನು ಶಾಫ್ಟಿಗಿಂತ ಬಹಳ ಜೋರಾಗಿ ತಿರುಗುತ್ತಿತ್ತು; ನಡುಕವು ಇಂಜಿನ್ನಿನದಾಗಿದ್ದರೆ ಅರವತ್ತಕ್ಕಿಂತ ಎಷ್ಟೋ ಮೊದಲೇ ಕಾಣಿಸಿಕೊಳ್ಳಬೇಕಾಗಿತ್ತು. ಹಾಗಾಗದೆ ಸರಿಯಾಗಿ ಅರವತ್ತಕ್ಕೇ ಬಂದಿತು. ಆ ಮೇಲೆ ಎದುರೂ ಹಿಂದೂ ರಸ್ತೆ ಖಾಲಿಯಿರುವುದನ್ನು ನೋಡಿಕೊಂಡು, ಅರವತ್ತೈದಕ್ಕೆ ಏರಿಸಿ, ಗೇರನ್ನು ನ್ಯೂಟ್ರಲಿಗೆ ತಂದು ಗಾಡಿಯನ್ನು ತಾನಾಗಿ ಹರಿಯಬಿಟ್ಟೆವು. ಇಂಜಿನ್ನು ಮೆಲ್ಲಗೆ ಗುನುಗುತ್ತಿದ್ದರೂ ಅರವತ್ತರ ಬಳಿ ನಡುಕ ಬಂದೇ ಬಂದಿತು. ಇಂಜಿನ್ನೂ ಕ್ಲಚ್ಚೂ ನಿರ್ದೋಷಿಗಳಾದವು. ಬಿಚ್ಚಬೇಕೆಂದು ಹೇಳಿದ್ದ ಕ್ಲಚ್ಚಿನ ಖರ್ಚು ಅಲ್ಲಿಯೇ ಉಳಿಯಿತು. ಈ ಪರೀಕ್ಷೆಯನ್ನು ಮಾಡುವವರು ಇಂಜಿನ್ನಿನ ಬೀಗದಕೈಯನ್ನು ಮಾತ್ರ ಎಂದಿಗೂ ತಿರುಗಿಸಿ ಆರಿಸಬಾರದು. ಎಷ್ಟೋ ಗಾಡಿಗಳಲ್ಲಿ ಹಾಗೆ ಮಾಡಿದರೆ ಸ್ಟೀರಿಂಗೇ ಬಿಗಿದುಕೊಂಡು ಪ್ರಾಣಾಪಾಯವಾದೀತು.

ಉಳಿದುದು ಹಿಂಚಕ್ರವೋ ಶಾಫ್ಟೋ ಎಂಬ ಪ್ರಶ್ನೆ. ಇದನ್ನು ಬಗೆಹರಿಸಿದುದು ಶಾಲೆಯ ಅಂಕಗಣಿತ. ಮನೆಗೆ ಬಂದು ಟೇಪಿನಿಂದ ಅಳೆದಾಗ ಚಕ್ರದ ಸುತ್ತಳತೆಯು ಎರಡು ಮೀಟರಿಗಿಂತ ತುಸು ಹೆಚ್ಚಾಗಿತ್ತು. ಗಂಟೆಗೆ ಅರವತ್ತು ಕಿಲೋಮೀಟರೆಂದರೆ ನಿಮಿಷಕ್ಕೆ ಒಂದು ಕಿಲೋಮೀಟರು, ಅಂದರೆ 1000 ಮೀಟರು. ಆದುದರಿಂದ ಚಕ್ರವು ನಿಮಿಷಕ್ಕೆ ಸುಮಾರು 480 ಸುತ್ತು, ಸೆಕೆಂಡಿಗೆ 8 ಸುತ್ತು ತಿರುಗುತ್ತದೆ. ಶಾಫ್ಟು ಎಷ್ಟು ತಿರುಗುತ್ತದೆಂದು ತಿಳಿಯಲು, ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂಚಕ್ರಗಳಿಗೂ ನೆಲದ ಮೇಲಿರುವ ಹಿಂಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಟ್ಟು, ಒಂದು ಹಿಂಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಇಟ್ಟೆವು. ಬಳಿಕ ಗೇರನ್ನು ನ್ಯೂಟ್ರಲಿಗೆ ತಂದು ಹ್ಯಾಂಡ್ ಬ್ರೇಕನ್ನು ಬಿಟ್ಟೆವು. ಚಕ್ರಕ್ಕೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿದಾಗ ಶಾಫ್ಟು ಸುಮಾರು ನಾಲ್ಕೂವರೆ ಸುತ್ತು ತಿರುಗಿತು. ಒಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಸುತ್ತನ್ನು ಒಂದೆಂದೇ ಎಣಿಸಬೇಕು. ಗಾಡಿ ಓಡುವಾಗ ಎರಡು ಚಕ್ರಗಳೂ ಒಂದೊಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟು ನಾಲ್ಕೂವರೆ ಸುತ್ತು ತಿರುಗಿರುತ್ತದೆ. ಸೆಕೆಂಡಿಗೆ 8 ಸುತ್ತಿನ ಚಕ್ರಕ್ಕೆ ಶಾಫ್ಟಿನದು 36 ಸುತ್ತಾಯಿತು.

ಸೆಕೆಂಡಿಗೆ ಎಂಟರಂತೆ ಬರುವ ನಡುಕವು ಒನಕೆಯ ಕುಟ್ಟಿನಂತೆ ಬಿಡಿಬಿಡಿಯಾಗಿ ಮೈಗೆ ತಿಳಿಯುತ್ತದೆ. ಮೂವತ್ತಾರು ಅಥವಾ ಅದಕ್ಕಿಂತ ಹೆಚ್ಚಿನದು ಬಿಡಿಯಾಗಿ ತಿಳಿಯದೆ ತಂಬೂರಿಯ ಶ್ರುತಿಯಂತೆ ಮೊರೆತವಾಗುತ್ತದೆ. ನಮ್ಮದು ಮೊರೆತ. ಅಷ್ಟಕ್ಕೆ ತೃಪ್ತಳಾಗದೆ ನಮ್ಮ ಮಗಳು, ಕಂಪನವನ್ನು ಎಣಿಸುವ ಸಾಧನವು ಈಗಿನ ಮೊಬೈಲ್ ಫೋನಿನಲ್ಲಿಯೇ ಉಂಟೆಂದು ಹೇಳಿ, ಮರುದಿನ ಫೋನನ್ನು ಗಾಡಿಯ ತಳದ ತಗಡಿಗೆ ಬಿಗಿಯಾಗಿ ಅಂಟಿಸಿ ಅರವತ್ತು ಕಿಲೋಮೀಟರಿನಲ್ಲಿ ಎಣಿಸಿದಳು. ಸಂಖ್ಯೆಯು ಎಂಟೂ ಅಲ್ಲ, ಮೂವತ್ತಾರೂ ಅಲ್ಲ, ಎಪ್ಪತ್ತರ ಆಸುಪಾಸಿನಲ್ಲಿ ಬಂದಿತು. ಮಗಳ ಮುಖ ಸಪ್ಪಗಾಯಿತು. ಆದರೆ ಈ ಸಂಖ್ಯೆಯೇ ಕಳ್ಳನ ಹೆಸರನ್ನು ಹೇಳಿತು. ಎಪ್ಪತ್ತೆರಡು ಎಂಬುದು ಮೂವತ್ತಾರರ ಇಮ್ಮಡಿ. ಶಾಫ್ಟಿನ ಒಂದು ಸುತ್ತಿಗೆ ಎರಡು ಬಾರಿ ಅದುರು. ಇಂತಹ ಅದುರು ಯಾವುದರಿಂದ ಹುಟ್ಟುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕು.

ಹಿಂದಿನ ಅಚ್ಚು ಸ್ಪ್ರಿಂಗಿನ ಪಟ್ಟಿಗಳ ಮೇಲೆ ಏಳುತ್ತಲೂ ಬೀಳುತ್ತಲೂ ಇರುವುದರಿಂದ, ಶಾಫ್ಟು ಓರೆಯಾಗಿಯೂ ತಿರುಗಬೇಕು. ಅದಕ್ಕಾಗಿ ಅದರ ಎರಡು ತುದಿಗಳಲ್ಲಿಯೂ ಒಂದೊಂದು ಕೀಲು ಇದೆ. ಎರಡು ಕವೆಗಳು, ಅವುಗಳ ನಡುವೆ ಕೂಡಿಸುವ ನಾಲ್ಕು ತೋಳಿನ ಒಂದು ತುಂಡು. ನಮ್ಮ ಕಡೆಯ ಮಿಸ್ತ್ರಿಗಳು ಇದನ್ನು ಕ್ರಾಸು ಎನ್ನುತ್ತಾರೆ. ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೋ ಎಂಬ ಪಂಡಿತನ ಹೆಸರೂ ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯ ಹೆಸರೂ ಈ ಕೀಲಿಗೆ ಅಂಟಿಕೊಂಡಿವೆ. ಮೋಟಾರುಗಳಿಗೆ ಒಗ್ಗುವ ಕೀಲಿಗಾಗಿ 1903ರಲ್ಲಿ ಹಕ್ಕುಪತ್ರ ಪಡೆದವನು ಅಮೆರಿಕೆಯ ಕ್ಲಾರೆನ್ಸ್ ಸ್ಪೈಸರ್. ಈ ಕೀಲಿಗೆ ಒಂದು ಸ್ವಭಾವವಿದೆ. ಓರೆಯಾಗಿ ತಿರುಗಿಸಿದಾಗ ಅದು ಒಂದೇ ಸಮನಾಗಿ ತಿರುಗದೆ, ಒಂದು ಸುತ್ತಿನಲ್ಲಿ ಎರಡು ಬಾರಿ ಮುನ್ನುಗ್ಗಿ ಎರಡು ಬಾರಿ ಹಿಂಜರಿಯುತ್ತದೆ. ಮುಂದಿನ ಕೀಲಿನ ಈ ಏರುಪೇರನ್ನು ಹಿಂದಿನ ಕೀಲು ಅಳಿಸಿಹಾಕುವಂತೆ ಎರಡನ್ನೂ ಜೋಡಿಸಿರುತ್ತಾರೆ. ಓರೆಯ ಕೋನಗಳು ಎರಡೂ ಕಡೆ ಸಮವಾಗಿದ್ದು, ಕೀಲುಗಳೆರಡೂ ಸಲೀಸಾಗಿ ಆಡುತ್ತಿದ್ದರೆ ನಮಗೆ ಏನೂ ತಿಳಿಯದು. ಒಂದು ಕೀಲು ಬಿಗಿದುಕೊಂಡರೆ ಲೆಕ್ಕ ತಪ್ಪಿ, ಸುತ್ತಿಗೆ ಎರಡು ಬಾರಿ ಗಾಡಿಯೇ ಅದಿರುತ್ತದೆ.

ಪುಸ್ತಕದ ಮಾತೆಂದು ಇದನ್ನು ತಳ್ಳಿಹಾಕುವವರು ನಮ್ಮೂರಿನ ಗದ್ದೆಯ ಬದುವಿನಲ್ಲಿ ನಿಂತು ನೋಡಬೇಕು. ಟ್ರಾಕ್ಟರಿನ ಹಿಂಬದಿಯಿಂದ ರೋಟವೇಟರಿಗೆ ತಿರುವನ್ನು ಒಯ್ಯುವ ಶಾಫ್ಟಿನಲ್ಲಿಯೂ ಇವೇ ಎರಡು ಕ್ರಾಸುಗಳಿವೆ. ಅದು ತಿರುಗುತ್ತಿರುವಾಗಲೇ ರೋಟವೇಟರನ್ನು ಬಹಳ ಮೇಲಕ್ಕೆ ಎತ್ತಿದರೆ ಗಡಗಡನೆ ಸದ್ದಾಗುವುದನ್ನು ರೈತರೆಲ್ಲರೂ ಬಲ್ಲರು. ಕೋನ ಕೆಟ್ಟುದರ ಕೂಗು ಅದು. ನಮ್ಮ ನೆರೆಯ ರೈತರೊಬ್ಬರು ನಮ್ಮ ಸೀಮೆಸುಣ್ಣದ ಗುರುತುಗಳನ್ನು ಕಂಡು ಹತ್ತಿರ ಬಂದು, ಸಂಗತಿಯನ್ನೆಲ್ಲ ಕೇಳಿ, “ಕ್ರಾಸು ನೋಡಿದ್ರಾ ಅಮ್ಮಾವ್ರೇ? ನೀರಿಗಿಳಿದ ಮ್ಯಾಕೆ ಗ್ರೀಸ್ ಹೊಡೀದಿದ್ರೆ ಅದು ಉಳಿಯಾಕಿಲ್ಲ” ಎಂದರು. ನೀರೆಂಬ ಮಾತನ್ನು ಕೇಳಿದೊಡನೆ ನಮ್ಮ ಯಜಮಾನರಿಗೆ ಹಿಂದಿನ ವರ್ಷದ ನೆನಪಾಯಿತು. 2022ರ ಆಗಸ್ಟು ಕೊನೆಯಲ್ಲಿ ಭಾರಿ ಮಳೆಯಿಂದ ರಾಮನಗರದ ಬಳಿ ಹೆದ್ದಾರಿಯು ಜಲಾವೃತವಾದಾಗ, ಬೆಂಗಳೂರಿನಿಂದ ಹಿಂದಿರುಗುತ್ತಿದ್ದ ಈ ಗಾಡಿಯು ಮೊಣಕಾಲುದ್ದದ ನೀರಿನಲ್ಲಿ ನಿಂತು ಬಂದಿತ್ತು. ಅದರ ಮರುತಿಂಗಳು ಒಂದು ಕಾರ್ಖಾನೆಯಲ್ಲಿ ಎಣ್ಣೆ ಬದಲಿಸಿ ಗ್ರೀಸು ತುಂಬಿಸಿದುದಕ್ಕೆ ಹಣವನ್ನೂ ಕೊಟ್ಟಿದ್ದೆವು, ರಸೀತಿಯೂ ಇತ್ತು.

ಗಾಡಿಯ ಕೆಳಗೆ ಮಲಗಿ ನೋಡಿದಾಗ ಗ್ರೀಸಿನ ಚರಿತ್ರೆಯೆಲ್ಲ ಬಯಲಾಯಿತು. ಮುಂದಿನ ಕೀಲಿನ ಸುತ್ತ ಗ್ರೀಸು ಕಪ್ಪಾಗಿ ಮೆತ್ತಿಕೊಂಡಿತ್ತು. ಹಿಂದಿನ ಕೀಲಿನ ಗ್ರೀಸಿನ ಮೊಲೆಯ ಮೇಲೆ ಒಣಗಿದ ಕೆಸರು ಅಲುಗದೆ ಕುಳಿತಿತ್ತು. ಆ ಪಂಪು ಅಲ್ಲಿಗೆ ಮುಟ್ಟಿಯೇ ಇರಲಿಲ್ಲ. ಕ್ರಾಸಿನ ಬಟ್ಟಲುಗಳ ಅಂಚಿನಲ್ಲಿ ಕುಂಕುಮದಂತಹ ಕೆಂಪು ಪುಡಿ ಉದುರುತ್ತಿತ್ತು. ಒಣಗಿದ ಕೀಲಿಗೆ ಇದು ಹೆಗ್ಗುರುತು. ಶಾಫ್ಟನ್ನು ಒಂದು ಕೈಯಲ್ಲಿ, ಅಚ್ಚಿನ ಕಡೆಯ ಕವೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿ ನೋಡಿದಾಗ ಸಡಿಲವೇನೂ ಕಾಣಲಿಲ್ಲ. ಸಡಿಲವಿಲ್ಲದಿದ್ದರೆ ಕೀಲು ಚೆನ್ನಾಗಿದೆಯೆಂದು ಅನೇಕರು ತಿಳಿಯುತ್ತಾರೆ. ಆದರೆ ಶಾಫ್ಟನ್ನು ಬಿಚ್ಚಿ ಕೀಲನ್ನು ಮಡಿಸಿ ನೋಡಿದಾಗ, ಒಂದು ದಿಕ್ಕಿಗೆ ಸಲೀಸಾಗಿ ಬಾಗಿದುದು ಇನ್ನೊಂದು ದಿಕ್ಕಿಗೆ ಅಲುಗಲೇ ಇಲ್ಲ. ಸಡಿಲವಾದ ಕೀಲಿನಂತೆ ಬಿಗಿದುಕೊಂಡ ಕೀಲೂ ರೋಗಿಯೇ.

ಬಿಚ್ಚುವ ಕೆಲಸವನ್ನು ಮಂಡ್ಯದಲ್ಲಿ ಟ್ರಾಕ್ಟರುಗಳನ್ನು ದುರಸ್ತು ಮಾಡುವ ಮಿಸ್ತ್ರಿಯೊಬ್ಬರಿಂದ ಮಾಡಿಸಿದೆವು. ಬಿಚ್ಚುವುದಕ್ಕೆ ಮೊದಲು ಎರಡು ಕವೆಗಳಿಗೂ ಶಾಫ್ಟಿಗೂ ಬಣ್ಣದ ಗೆರೆ ಎಳೆಯಬೇಕೆಂದು ನಾವು ಕೇಳಿಕೊಂಡಾಗ ಅವರು ಮೆಚ್ಚಿ ತಲೆದೂಗಿದರು. ಯಾವುದು ಎಲ್ಲಿತ್ತೋ ಅಲ್ಲಿಯೇ ಮರಳಿ ಕೂರಿಸದಿದ್ದರೆ ಶಾಫ್ಟಿನ ತೂಕದ ಸಮತೋಲವು ತಪ್ಪಿ, ಹಳೆಯ ನಡುಕ ಹೋಗಿ ಹೊಸ ನಡುಕ ಬರುವುದುಂಟು. ಬಟ್ಟಲುಗಳನ್ನು ಹೊರತೆಗೆದಾಗ, ಸೂಜಿಯಂತಹ ಸಣ್ಣ ಉರುಳೆಗಳಿರಬೇಕಾದ ಕಡೆ ತುಕ್ಕಿನ ಪುಡಿಯೂ ಮುರಿದ ಚೂರುಗಳೂ ಇದ್ದವು. ಕ್ರಾಸಿನ ತೋಳಿನ ಮೇಲೆ ಆ ಉರುಳೆಗಳು ಒತ್ತಿದ ಗೆರೆಗಳು ಸಾಲಾಗಿ ಮೂಡಿದ್ದವು. ಮಿಸ್ತ್ರಿಗಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, “ಇದು ರೋಡಿನಲ್ಲಿ ಬಿಚ್ಚಿಕೊಂಡಿದ್ದರೆ ಏನು ಗತಿಯಿತ್ತಮ್ಮ?” ಎಂದರು. ನಾವು ಉತ್ತರ ಕೊಡಲಿಲ್ಲ. ಓಡುವ ಗಾಡಿಯಲ್ಲಿ ಹಿಂದಿನ ಕೀಲು ಮುರಿದರೆ ಉಕ್ಕಿನ ಕೊಳವೆಯು ಗಾಡಿಯ ಹೊಟ್ಟೆಯನ್ನೇ ಬಡಿದು ಸೀಳಬಲ್ಲದು. ಮುಂದಿನ ಕೀಲು ಮುರಿದರೆ ಕೊಳವೆಯ ತುದಿ ರಸ್ತೆಗೆ ನಾಟಿಕೊಳ್ಳಬಲ್ಲದು. ಆ ಆಸನದ ಮೇಲೆ ವಾರಕ್ಕೆರಡು ಬಾರಿ ಕುಳಿತು ಹೋಗುತ್ತಿದ್ದವರು ಯಾರೆಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಟೈರುಗಳ ವಿಷಯದಲ್ಲಿ ನಡೆದ ಊಹೆಯಿಂದ ಹಣ ಮಾತ್ರ ಹೋಗಿರಲಿಲ್ಲ. ಅಷ್ಟು ದಿನವೂ ಅಪಾಯವು ಜೊತೆಯಲ್ಲಿಯೇ ಪ್ರಯಾಣ ಮಾಡುತ್ತಿತ್ತು.

ಹೊಸ ಕ್ರಾಸನ್ನು ಕೂರಿಸಿದ ಮೇಲೆ ಅರವತ್ತರ ಮೊರೆತವು ಅಡಗಿತು. ಎಪ್ಪತ್ತೈದರಲ್ಲಿ ಮಾತ್ರ ಸಣ್ಣದೊಂದು ಗುಂಯ್ಕಾರ ಉಳಿಯಿತು. ಮಿಸ್ತ್ರಿಗಳು ಶಾಫ್ಟಿನ ಹಿಂತುದಿಯನ್ನು ಹಿಡಿದಿರುವ ನಾಲ್ಕು ಬೋಲ್ಟುಗಳನ್ನು ತೆಗೆದು, ಶಾಫ್ಟನ್ನು ಅರ್ಧಸುತ್ತು ತಿರುಗಿಸಿ ಮರಳಿ ಬಿಗಿದರು. ಶಾಫ್ಟಿನ ಭಾರದ ಮಗ್ಗುಲೂ ಅದು ಕೂಡುವ ತಟ್ಟೆಯ ಭಾರದ ಮಗ್ಗುಲೂ ಒಂದೇ ಕಡೆಗಿದ್ದರೆ ದೋಷ ಇಮ್ಮಡಿಯಾಗುತ್ತದೆ, ಎದುರುಬದುರಾದರೆ ಒಂದನ್ನೊಂದು ಕಳೆಯುತ್ತದೆ. ತಕ್ಕಡಿಯ ನ್ಯಾಯವೇ ಇದು. ಗುಂಯ್ಕಾರವೂ ಹೋಯಿತು. ಅದಕ್ಕೂ ಜಗ್ಗದಿದ್ದರೆ ಶಾಫ್ಟಿಗೆ ರಬ್ಬರು ಕೊಳವೆಯ ಹೋಸ್ ಕ್ಲಿಪ್ಪನ್ನು ಬಿಗಿದು, ಅದರ ತಿರುಪಿನ ತಲೆಯನ್ನು ನಾಲ್ಕು ದಿಕ್ಕಿಗೂ ಸರಿಸುತ್ತ ಪ್ರತಿಸಲವೂ ಓಡಿಸಿ ನೋಡುವ ಉಪಾಯವಿದೆ. ಅಥವಾ ಶಾಫ್ಟನ್ನು ಯಂತ್ರಕ್ಕೆ ಕೊಟ್ಟು ತೂಕ ಸರಿಮಾಡಿಸಬಹುದು. ಕೆಲವು ಗಾಡಿಗಳಲ್ಲಿ ಶಾಫ್ಟಿಗೆ ಮೆತ್ತಿದ ಕೆಸರನ್ನು ಕೆರೆದು ತೆಗೆದರೇ ಸಾಕಾಗುವುದೂ ಉಂಟು.

ನಮ್ಮ ಗಾಡಿಯ ರೋಗವೇ ಎಲ್ಲ ಗಾಡಿಗಳಿಗೂ ಇರಬೇಕೆಂದಿಲ್ಲ. ಆದುದರಿಂದ ಬೇರೆ ಚಿಹ್ನೆಗಳನ್ನೂ ಸಂಕ್ಷೇಪವಾಗಿ ಹೇಳುತ್ತೇವೆ. ಗಾಡಿ ಹೊರಡುವಾಗ ಟಕ್ಕೆಂದು ಸದ್ದಾದರೆ ಸಡಿಲವಾದ ಕ್ರಾಸನ್ನು ಶಂಕಿಸಬೇಕು. ನಿಧಾನವಾಗಿ ಹೋಗುವಾಗ ಗುಬ್ಬಚ್ಚಿಯಂತೆ ಕಿಚಕಿಚನೆ ಕೇಳಿದರೆ ಕ್ರಾಸು ಒಣಗಿದೆಯೆಂದು ತಿಳಿಯಬಹುದು. ಎಳೆಯುವಾಗ ಮಾತ್ರ ನಡುಕ ಬಂದು, ಕಾಲು ತೆಗೆದೊಡನೆ ನಿಲ್ಲುವುದಾದರೆ ಕುಸಿದ ರಬ್ಬರು ದಿಂಬನ್ನೂ ಬಳಲಿದ ಸ್ಪ್ರಿಂಗಿನ ಪಟ್ಟಿಗಳನ್ನೂ ನೋಡಬೇಕು. ಇವು ಬಳಲಿದಾಗ ಕೀಲುಗಳ ಕೋನವು ಎಳೆತಕ್ಕೆ ತಕ್ಕಂತೆ ಬದಲಾಗುತ್ತದೆ. ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಮಾತ್ರ ಗಾಡಿಯು ತತ್ತರಿಸಿದರೆ ಆಗ ಕ್ಲಚ್ಚಿನ ಮಾತು. ಈಚಿನ ಚಿಕ್ಕ ಮೋಟಾರುಗಳಲ್ಲಿ ಇಂಜಿನ್ನು ಮುಂಚಕ್ರಗಳನ್ನೇ ತಿರುಗಿಸುವುದರಿಂದ ಉದ್ದನೆಯ ಶಾಫ್ಟೇ ಇರುವುದಿಲ್ಲ. ಅವುಗಳಲ್ಲಿ ತಿರುವಿನಲ್ಲಿ ಟಕಟಕ ಸದ್ದಾದರೆ ಮುಂಚಕ್ರದ ಬಳಿಯ ಕೀಲನ್ನು ಪರೀಕ್ಷಿಸಬೇಕು. ಗಾಡಿ ಯಾವುದೇ ಆಗಲಿ, ಕೇಳಬೇಕಾದ ಪ್ರಶ್ನೆಗಳು ಮಾತ್ರ ಅವೇ: ಎಲ್ಲಿ? ಯಾವ ವೇಗದಲ್ಲಿ? ಗೇರು ಬದಲಿಸಿದರೆ ಬದಲಾಗುತ್ತದೆಯೇ? ಎಳೆಯುವಾಗಲೋ, ಬಿಟ್ಟಾಗಲೋ?

ಪೋಷಕರಲ್ಲಿಯೂ ಸೋದರಿಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟು. ಸ್ಪ್ಯಾನರನ್ನು ಹಿಡಿದು ಗಾಡಿಯ ಕೆಳಗೆ ಇಳಿಯುವುದು ಎಲ್ಲರಿಗೂ ಅಗತ್ಯವಲ್ಲ. ಅದಕ್ಕೆ ಕೈಪಳಗಿದವರು ಬೇಕು. ಕೇವಲ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆಯಿಡಕೂಡದು. ಚಕ್ರ ಎತ್ತಿದಾಗ ಇಂಜಿನ್ನನ್ನು ನಡೆಸಕೂಡದು. ಆದರೆ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕಾರ್ಖಾನೆಗೆ ಹೋಗುವುದು ಯಾರಿಂದಲೂ ಸಾಧ್ಯ. ಮೊದಲ ಸಲ “ಗಾಡಿ ನಡುಗುತ್ತದೆ” ಎಂದು ಹೇಳಿದಾಗ ನಮಗೆ ಸಿಕ್ಕಿದ್ದು ಊಹೆ. “ಅರವತ್ತರಲ್ಲಿ, ಯಾವ ಗೇರಿನಲ್ಲಿಯೂ, ನ್ಯೂಟ್ರಲಿನಲ್ಲಿಯೂ, ಹಿಂದಿನ ಆಸನದಲ್ಲಿ, ಶಾಫ್ಟಿನ ಸುತ್ತಿಗೆ ಎರಡು ಬಾರಿ” ಎಂದು ಹೇಳಿದಾಗ ಸಿಕ್ಕಿದ್ದು ವಿದ್ಯೆ. ಮಿಸ್ತ್ರಿಗಳು ಯಜಮಾನರ ಕಡೆಗೆ ನೋಡುತ್ತಿದ್ದವರು, ಆ ಚೀಟಿಯನ್ನು ಓದಿದ ಮೇಲೆ ಬರೆದವಳ ಕಡೆಗೆ ತಿರುಗಿ ಮಾತನಾಡಿದರು. ನಮ್ಮ ಮಗಳಿಗೆ ಅಂದು ಆದ ಸಂತೋಷವು ಪರೀಕ್ಷೆಯ ಅಂಕಗಳಿಂದಲೂ ಆಗಿರಲಿಲ್ಲ.

ಈಗ ಪ್ರತಿ ತಿಂಗಳ ಮೊದಲನೆಯ ಭಾನುವಾರ ಎರಡು ಕೀಲುಗಳಿಗೂ ಗ್ರೀಸು ತುಂಬುವುದು ಮಗಳ ಪಾಲಿನ ಕೆಲಸ. ಹಳೆಯ ಗ್ರೀಸು ನಾಲ್ಕು ಬಟ್ಟಲುಗಳಿಂದಲೂ ಹೊರಗೆ ಇಣುಕುವವರೆಗೆ ಅವಳು ಪಂಪನ್ನು ಬಿಡುವುದಿಲ್ಲ. ಒಂದು ಬಟ್ಟಲಿನಿಂದ ಬಾರದಿದ್ದರೂ ಬಾರಲಿಲ್ಲವೆಂದು ನೋಟುಪುಸ್ತಕದಲ್ಲಿ ಬರೆಯುತ್ತಾಳೆ. ಅತ್ತೆಯವರು ಚಿಕಿತ್ಸೆಯನ್ನು ನಡುವೆ ಬಿಡದೆ ಪೂರೈಸಿ, ಕೋಲೂರಿಕೊಂಡು ಅಂಗಳದ ತುದಿಯವರೆಗೆ ತಾವೇ ನಡೆದುಹೋಗುತ್ತಾರೆ. ಮೈಸೂರಿಗೆ ಹೋಗುವ ಅಗತ್ಯ ಈಗ ತಿಂಗಳಿಗೊಮ್ಮೆ ಮಾತ್ರ. ಅರವತ್ತು ಕಿಲೋಮೀಟರನ್ನು ಮುಟ್ಟಿದಾಗ ಅವರು ಸಾಮಾನ್ಯವಾಗಿ ನಿದ್ರೆಯಲ್ಲಿರುತ್ತಾರೆ.